ಅಪ್ಪ ಬಿಟ್ಟ ನೀರು

ಡಿಗ್ರಿಯ ಮೊದಲ ವರ್ಷದಲ್ಲಿ ಜೀವಶಾಸ್ತ್ರ ಎಷ್ಟು ಕಲಿತೆನೋ ಗೊತ್ತಿಲ್ಲ, ಮೈಕ್ರೋಸ್ಕೋಪಿನೊಳಗೆ ಕಳೆದುಹೋಗುವುದನ್ನಂತೂ ಚೆನ್ನಾಗಿ ಕಲಿತೆ. ಮಲ್ಲೇಶ್ವರಂನ ನಮ್ಮ ಕಾಲೇಜಿನಲ್ಲಿ ಲ್ಯಾಬು ಎರಡನೇ ಮಹಡಿಯ ಮೂಲೆಯಲ್ಲಿತ್ತು. ಪ್ರಾಕ್ಟಿಕಲ್ಲು ಊಟದ ನಂತರ. ಕಿಟಕಿಯಾಚೆ ಮರದ ಎಲೆ ಅಲ್ಲಾಡಿದರೆ ಮೇಜಿನ ಮೇಲಿನ ಬೆಳಕೂ ಅಲ್ಲಾಡುತ್ತಿತ್ತು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಗಾಜಿಗೆ ಇಟ್ಟರೆ ಸಾಕು, ಈರುಳ್ಳಿ ಪೊರೆಯ ಕೋಣೆಗಳಲ್ಲಿ ಮನೆ ಮಾಡಿಕೊಂಡು ಇದ್ದುಬಿಡುತ್ತಿದ್ದೆ. ಗೆಳತಿ ಮೊಣಕೈಯಿಂದ ತಿವಿದಾಗಲೇ ವಾಪಸ್ಸು ಬರುತ್ತಿದ್ದೆ. ಅಷ್ಟರಲ್ಲಿ ಅವಳ ಚಿತ್ರ ಮುಗಿದಿರುತ್ತಿತ್ತು, ನನ್ನ ಹಾಳೆ ಬೆಳ್ಳಗೇ ಇರುತ್ತಿತ್ತು.

ಪರಿಸರ ವಿಜ್ಞಾನದ ಪಾಠ ನೀರಿನವರೆಗೆ ಬಂದಾಗ, ಎಲ್ಲರೂ ಮನೆಯಿಂದ ಒಂದೊಂದು ಬಾಟಲಿ ಕುಡಿಯುವ ನೀರು ತರಬೇಕೆಂದು ಮೇಡಂ ಹೇಳಿದರು. ನಲ್ಲಿಯನ್ನು ಎರಡು ನಿಮಿಷ ಹರಿಯಲು ಬಿಟ್ಟು ಆಮೇಲೆ ಹಿಡಿಯಿರಿ ಎಂದೂ ಹೇಳಿದ್ದರು. ನನಗೆ ಒಳಗೊಳಗೇ ಜಂಬ. ನಮ್ಮಪ್ಪ ಓಕಳಿಪುರಂನಲ್ಲಿ ನೀರು ಬಿಡುವವರು. ದಿನ ಬಿಟ್ಟು ದಿನ, ಬೆಳಗಾಗುವ ಹೊತ್ತಿಗೆ, ಉದ್ದನೆಯ ಕಬ್ಬಿಣದ ಕೀ ಹೆಗಲಿಗೇರಿಸಿ ಹೊರಡುತ್ತಿದ್ದರು. ರಸ್ತೆಯ ಗುಂಡಿಯೊಳಗೆ ಅದನ್ನು ಇಳಿಸಿ, ವಾಲ್ವ್ ತಿರುಗಿಸಿ, ಒಂದೊಂದೇ ಬೀದಿಗೆ ನೀರು ಕೊಟ್ಟು ಬರುತ್ತಿದ್ದರು. ಊರಿಗೆಲ್ಲ ಅದು ಸರ್ಕಾರದ ನೀರು. ನಮ್ಮ ಮನೆಯಲ್ಲಿ ಮಾತ್ರ ಅದು ಅಪ್ಪನ ನೀರು.

ಬಾಟಲಿ ಒಯ್ಯಬೇಕಾದ ದಿನ ನೀರು ಬರುವ ದಿನವಾಗಿರಲಿಲ್ಲ. ಬಸ್ಸಿಗೂ ಹೊತ್ತಾಗಿತ್ತು. ಅಡುಗೆಮನೆಯ ಮೂಲೆಯ ನೀಲಿ ಡ್ರಮ್ಮಿನಲ್ಲಿ ಬಾಟಲಿ ಮುಳುಗಿಸಿಕೊಂಡು ಓಡಿದೆ. ಯಾವ ನೀರಾದರೇನು, ಎಲ್ಲ ಅಪ್ಪನದೇ ತಾನೇ ಎಂದುಕೊಂಡೆ.

ಮಧ್ಯಾಹ್ನ ಆ ನೀರಿನ ಹನಿಯಲ್ಲಿ ಮೊದಲು ಬರೀ ಬೆಳಕು ಕಂಡಿತು. ಗಾಜನ್ನು ಮೆಲ್ಲಗೆ ಸರಿಸಿದೆ. ಒಂದು ಹಸಿರು ಚೂರಿಗೆ ಬಾಲ ಅಂಟಿಸಿಕೊಂಡು ಏನೋ ನಿಂತಿತ್ತು. ಮೈ ಮುರಿಯುವ ಹಾಗೆ ಉದ್ದವಾಯಿತು, ತಲೆ ಬಿಚ್ಚಿತು. ತಲೆಯ ಮೇಲೆ ಎರಡು ಚಕ್ರ, ಎರಡೂ ತಿರುಗುತ್ತಿದ್ದವು. ಮೇಡಂ ಬಂದು ಬಗ್ಗಿ ನೋಡಿ, ಇದು ರೋಟಿಫರ್ ಎಂದು ಸಂಭ್ರಮಪಟ್ಟರು. ಅವು ಚಕ್ರಗಳಲ್ಲ, ನವಿರು ಕೂದಲುಗಳು, ಹಾಗೆ ಆಡಿಸಿ ಅದು ನೀರನ್ನು ಬಾಯಿಗೆ ಎಳೆದುಕೊಳ್ಳುತ್ತದೆ ಎಂದರು. ಇದರಿಂದ ನಮಗೆ ಕೇಡೇನಿಲ್ಲ, ಆದರೆ ಇದು ಬದುಕುವ ಕಡೆ ಬೇರೆಯವೂ ಬದುಕಬಹುದು, ಆ ನೀರನ್ನು ಕಾಯಿಸಿಯೇ ಕುಡಿಯಬೇಕು ಎಂದೂ ಸೇರಿಸಿದರು. ಕ್ಲಾಸಿಗೆ ಕ್ಲಾಸೇ ಸಾಲುಗಟ್ಟಿತು. ಯಾವ ಏರಿಯಾ ನೀರು ಇದು ಅಂತ ಹಿಂದಿನಿಂದ ಯಾರೋ ಕೇಳಿದಾಗ ಎಲ್ಲರೂ ನಕ್ಕರು.

ನನ್ನ ಕಿವಿ ಬಿಸಿಯಾಯಿತು. ಆದರೂ ಸಾಲು ಕರಗಿದ ಮೇಲೆ ಮತ್ತೆ ಕಣ್ಣಿಟ್ಟೆ. ನಿಧಾನಕ್ಕೆ, ಯಾರ ಗೊಡವೆಯೂ ಇಲ್ಲದೆ ಅದು ತನ್ನ ಚಕ್ರ ತಿರುಗಿಸುತ್ತಲೇ ಇತ್ತು. ನನಗೆ ಅಪ್ಪ ನೆನಪಾದರು. ಬೆಲ್ಲು ಹೊಡೆದದ್ದೂ ಗೊತ್ತಾಗಲಿಲ್ಲ.

ನೀರು ಒಯ್ಯುವ ವಿಷಯ ಅಪ್ಪನಿಗೆ ಮೊದಲೇ ಹೇಳಿದ್ದೆ. ಸಂಜೆ ಅವರು ಬಾಗಿಲಲ್ಲೇ ಕಾಯುತ್ತಿದ್ದರು. ನನ್ನ ಪಾಠದ ಬಗ್ಗೆ ಅವರು ಅಲ್ಲಿಯವರೆಗೆ ಏನನ್ನೂ ಕೇಳಿದವರಲ್ಲ, ಕೇಳಲು ಸಂಕೋಚ.

"ನಮ್ ನೀರು ಹೆಂಗಿದೆಯಂತೆ?" ಎಂದರು.

"ಚೆನ್ನಾಗಿದೆಯಂತೆ ಅಪ್ಪ," ಎಂದುಬಿಟ್ಟೆ. ಆ ಮುಖ ನೋಡಿಕೊಂಡು ಬೇರೆ ಏನನ್ನೂ ಹೇಳಲು ಬಾಯಿ ಬರಲಿಲ್ಲ.

ಅವರು ಅದನ್ನು ಬೀದಿ ಬೀದಿಗೂ ಹೇಳಿಕೊಂಡು ಬಂದರು. ವಾಲ್ವ್ ತಿರುಗಿಸುತ್ತಾ, ನಮ್ಮ ಮಗಳು ಕಾಲೇಜಿನಲ್ಲಿ ಟೆಸ್ಟ್ ಮಾಡಿದ ನೀರು ಎಂದರಂತೆ. ನನಗೆ ನಾಚಿಕೆಯೂ ಆಯಿತು, ನಿಜ ಹೇಳಬೇಕೆಂದರೆ ಸುಖವೂ ಆಯಿತು. ಪಕ್ಕದ ಮನೆಯ ಅಜ್ಜಿ ಗೇಟಿನ ಹತ್ತಿರ ನನ್ನನ್ನು ತಡೆಯುವವರೆಗೆ ಆ ಸುಖ ಇತ್ತು. ಅವರ ಕಂಕುಳಲ್ಲಿ ಎರಡು ವರ್ಷದ ಮೊಮ್ಮಗ, ಅವನ ಕೈಯಲ್ಲಿ ಸ್ಟೀಲ್ ಲೋಟ.

"ನಿಮ್ಮಪ್ಪ ಹೇಳಿದ್ ಮೇಲೆ ನೀರು ಕಾಯ್ಸೋದೇ ಬಿಟ್ಬಿಟ್ಟೆ ಕಣೇ," ಎಂದರು ಅಜ್ಜಿ. "ಗ್ಯಾಸಾದ್ರೂ ಉಳೀತು."

ಮಗು ಎರಡೂ ಕೈಯಲ್ಲಿ ಲೋಟ ಎತ್ತಿ ಕುಡಿಯಿತು. ಲೋಟ ಕಿತ್ತುಕೊಳ್ಳುವಷ್ಟು ಧೈರ್ಯವೂ ಇರಲಿಲ್ಲ ನನಗೆ.

ಮರುದಿನ ನೀರು ಬಿಡುವ ದಿನ. ಬೆಳಿಗ್ಗೆ ಅಪ್ಪನ ಜೊತೆ ಹೊರಟೆ. ಮಂಜು ಮಂಜಾಗಿತ್ತು. ಬೀದಿಯಾಚೆಯ ಹಳಿಯ ಮೇಲೆ ರೈಲೊಂದು ಅವಸರವಿಲ್ಲದೆ ಹೋಗುತ್ತಿತ್ತು. ಮೊದಲ ಗುಂಡಿಯಲ್ಲಿ ಅವರು ಕೀ ಇಳಿಸಿದಾಗ ಎಲ್ಲ ಹೇಳಿದೆ. ಹನಿ, ಚಕ್ರ, ನಗು, ನನ್ನ ಸುಳ್ಳು, ಅಜ್ಜಿಯ ಮೊಮ್ಮಗ. ಅಪ್ಪ ನನ್ನ ಕಡೆ ತಿರುಗಲಿಲ್ಲ. ಕೀಯ ಸುತ್ತು ಪೂರ್ತಿ ಮಾಡಿದರು. ನೆಲದಡಿಯಲ್ಲಿ ನೀರು ಓಡಿದ ಸದ್ದು ಕೇಳಿಸಿತು.

"ನೀರು ಎಲ್ಲಿಂದ ಹಿಡ್ದೆ?" ಎಂದರು ಕೊನೆಗೆ.

ಡ್ರಮ್ಮಿನಿಂದ ಎಂದೆ. ಅವರ ಮುಖ ಒಂದು ಗಳಿಗೆ ಹಗುರಾಯಿತು. ಅದು ನಲ್ಲಿಯ ನೀರಲ್ಲ, ಅವರು ಬಿಟ್ಟ ನೀರಿನ ತಪ್ಪಲ್ಲ. ಅಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಆದರೆ ಮನೆಗೆ ಬಂದವರೇ ಡ್ರಮ್ಮಿನೊಳಗೆ ಕೈಯಿಳಿಸಿ ಗೋಡೆ ಸವರಿದರು. ಬೆರಳಿಗೆ ಹಸಿರು ಪಾಚಿ ಬಂತು. ಅದನ್ನೇ ನೋಡುತ್ತಾ ನಿಂತರು.

"ಜನ ಕುಡಿಯೋದು ಡ್ರಮ್ಮಿಂದೇ ಅಲ್ವಾ," ಎಂದು ತಮಗೇ ಹೇಳಿಕೊಂಡರು.

ಕೀಯನ್ನು ನನ್ನ ಕೈಗೆ ಕೊಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿದರು. ಕೀ ನನ್ನ ಎರಡು ಕೈಗೂ ಭಾರವಾಗಿತ್ತು. ಅಜ್ಜಿ ಬಂದರು. ನಮ್ಮ ಮನೆಯ ಡ್ರಮ್ಮಿನಲ್ಲೇ ಹುಳ ಸಿಕ್ಕಿದೆ, ನಿಮ್ಮದನ್ನೂ ತೊಳೆಸಿ, ನೀರು ಕಾಯಿಸದೆ ಮಗುವಿಗೆ ಕೊಡಬೇಡಿ ಎಂದರು ಅಪ್ಪ. ಅಪ್ಪನ ಹಿಂದೆ ನಿಂತಿದ್ದ ನನ್ನನ್ನು ಅಜ್ಜಿ ನೋಡಿದರು. ಮತ್ತೆ ಇವಳು ಕಾಲೇಜಿನಲ್ಲಿ ನೋಡಿದ್ದೇನು ಎಂದು ಕೇಳಿದರು.

"ಅವಳು ಸರಿಯಾಗೇ ನೋಡಿ ಹೇಳಿದ್ಲು ಅಮ್ಮ," ಎಂದರು ಅಪ್ಪ. "ನಾನೇ ಅರ್ಧ ಕೇಳಿಸ್ಕೊಂಡೆ."

ಆಮೇಲೆ ಮುಂದಿನ ಮನೆಗೆ ಹೋದರು. ಅಲ್ಲೂ ಅದನ್ನೇ ಹೇಳಿದರು. ಬೀದಿಯ ಕೊನೆಯವರೆಗೂ ಅದನ್ನೇ ಹೇಳಿದರು. ಕೀ ಹಿಡಿದು ಹಿಂದೆ ಹಿಂದೆ ನಡೆದ ನಾನು ಒಂದು ಬಾಗಿಲಲ್ಲೂ ಬಾಯಿ ಬಿಡಲಿಲ್ಲ.