ಡಾಕ್ಟರಿಗೂ ಹೇಳದ ಮಾತು

ಮಾವನ ಊರು ಗುಂಡಗುರ್ತಿಯಲ್ಲಿ ಹೆಂಡತಿಯ ಬಸುರಿ ತಂಗಿಗೆ ಕುಬುಸ, ಅಂದರೆ ಸೀಮಂತ. ಹೋಳಿಗೆ-ತುಪ್ಪದ ಊಟ ಅರ್ಧವಾಗಿತ್ತಷ್ಟೆ, ನನ್ನ ಮುಖ, ಕುತ್ತಿಗೆ ಬಿಸಿಯಾಗಿ ಕೆಂಪೇರಿತು. ಹಿಂದೆಯೇ ಹೊಟ್ಟೆ ಗುಡುಗುಟ್ಟಿತು. ಎಂಜಲು ಕೈಯಲ್ಲೇ ಎದ್ದು ಓಡಿದೆ. (ಹಿರಿಯಳಿಯ ಪಂಕ್ತಿಯಿಂದ ಎದ್ದು ಹೋದರೆ ಅತ್ತೆ-ಮಾವನ ಮನೆಯಲ್ಲಿ ಏನಾಗುತ್ತದೆ ಎಂದು ನಿಮಗೂ ಗೊತ್ತು.)

ತಿರುಗಿ ಬಂದಾಗ ಮಾವನವರು ಪಕ್ಕಕ್ಕೆ ಕರೆದು ದನಿ ಇಳಿಸಿ ಕೇಳಿದರು: "ಖರೇ ಹೇಳ್ರಿ, ಹಾಕ್ಕೊಂಡು ಬಂದೀರೇನು?"

ಜೀವಮಾನದಲ್ಲಿ ಒಂದು ಹನಿ ಮುಟ್ಟಿದವನಲ್ಲ ನಾನು. ಆದರೂ ಏನೆಂದೆ ಗೊತ್ತೇ? "ಹೂಂ ರೀ, ಸ್ವಲ್ಪ."

ನಗಬೇಡಿ. ಭೇದಿ ಎನ್ನುವುದಕ್ಕಿಂತ ಕುಡಿದಿದ್ದೇನೆ ಎನ್ನುವುದೇ ಆ ಗಳಿಗೆಯಲ್ಲಿ ಮರ್ಯಾದೆಯ ಮಾತೆನಿಸಿತು. ಮಾವನವರ ಮುಖ ಸಣ್ಣದಾಯಿತು. ಅಪ್ಪನಿಂದ ವಿಷಯ ತಿಳಿದ ಹೆಂಡತಿ ವಾಡಿಯ ನಮ್ಮ ಮನೆಗೆ ಹೊರಟ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು.

ಈ ಕಾಟ ವರ್ಷದಿಂದ ಇತ್ತು. ಮುಖ ಕೆಂಪಾಗುವುದನ್ನು ಶಹಾಬಾದಿನ ಚರ್ಮದ ಡಾಕ್ಟರಿಗೆ ತೋರಿಸಿದ್ದೆ. ಭೇದಿಯ ಮಾತು ಎತ್ತಲಿಲ್ಲ. ಚರ್ಮಕ್ಕೂ ಅದಕ್ಕೂ ಏನು ಸಂಬಂಧ? ಬಿಸಿಲಿಗೆ ಹೀಗಾಗುತ್ತದೆ ಎಂದು ಅವರು ಮುಲಾಮು ಕೊಟ್ಟರು. ಭೇದಿಗೆ ನಮ್ಮ ಮೆಡಿಕಲ್ ಶಾಪಿನಲ್ಲಿ "ಮನಿಗಿ ಬೀಗರು ಬಂದಾರ, ಅವರಿಗಿ" ಎಂದು ಗುಳಿಗೆ ತರುತ್ತಿದ್ದೆ. (ಆ ಬೀಗರು ವರ್ಷವಾದರೂ ಊರಿಗೆ ಹೋಗಲಿಲ್ಲ!) ಇನ್ನು ಚಿತ್ತಾಪುರದ ಡಾಕ್ಟರು ನನ್ನ ಗೆಳೆಯನ ಮಗಳು, ನನ್ನನ್ನು ಕಾಕಾ ಎನ್ನುವವಳು. ಎತ್ತಿ ಆಡಿಸಿದ ಕೂಸಿನ ಮುಂದೆ ಅದನ್ನೆಲ್ಲ ಹೇಗೆ ಹೇಳುವುದು? "ಗ್ಯಾಸ್ ಅದವ್ವ" ಎಂದಿದ್ದೆ. ನಮ್ಮ ಕಡೆ ಗ್ಯಾಸ್ ಎಂದರೆ ಮುಗಿಯಿತು, ಮುಂದೆ ಯಾರೂ ಕೇಳುವುದಿಲ್ಲ.

ಕುಬುಸ ಮುಗಿದ ಮರುವಾರ ಹೆಂಡತಿ ನನ್ನನ್ನು ಅದೇ ಹುಡುಗಿಯ ಮುಂದೆ ಎಳೆದೊಯ್ದು ಕೂರಿಸಿದಳು. ಬುದ್ಧಿ ಹೇಳಿಸಲು!

"ನೋಡವ್ವ, ನಿಮ್ಮ ಕಾಕಾ ಕದ್ದು ಕುಡೀಲಿಕತ್ತಾರ. ಉಂಡ ಕೂಡ್ಲೇ ಮುಖ ಕೆಂಪಗಾಗ್ತದ, ಆಮ್ಯಾಗ ಸಂಡಾಸಿಗಿ ಓಡ್ತಾರ. ದಿನಾ ಇದೇ. ಭಾಳ ಬೈ ಅವರಿಗಿ."

ಅವಳು ಬೈಯಲಿಲ್ಲ. ಪೆನ್ನು ಕೆಳಗಿಟ್ಟಳು.

"ಕಾಕಾ, ಮುಖ ಕೆಂಪಾದಾಗ ಬೆವರು ಬರ್ತದೇನ್ರಿ?" ಇಲ್ಲ. "ಉಪವಾಸ ಇದ್ರೂ ಭೇದಿ ಆಗ್ತದೇನು?" ಆಗುತ್ತದೆ. "ಕುಡೀತೀರೇನು?" ಈ ಸಲ ನಿಜ ಹೇಳಿದೆ. ಹೆಂಡತಿ ಬಾಯಿಗೆ ಸೆರಗು ಹಿಡಿದು ಅತ್ತಳು.

ಆಮೇಲೆ ಟೆಸ್ಟುಗಳು. ಇಡೀ ದಿನದ ಮೂತ್ರವನ್ನು ಕ್ಯಾನಿನಲ್ಲಿ ಕೂಡಿಟ್ಟು ರೈಲಿನಲ್ಲಿ ಕಲಬುರಗಿಯ ಲ್ಯಾಬಿಗೆ ಹೊರಟೆ. ಎದುರಿಗೆ ಕೂತವರು ಕ್ಯಾನು ನೋಡಿ, "ಕುಸುಬಿ ಎಣ್ಣಿ ಏನ್ರಿ? ಎಲ್ಲಿಂದ ತಂದ್ರಿ?" ಎಂದರು. "ಸೇಡಂ ಗಾಣದ್ದರಿ" ಎಂದೆ. (ಸುಳ್ಳು ಅಷ್ಟು ರೂಢಿಯಾಗಿತ್ತು.) ನಂತರ ಸ್ಕ್ಯಾನ್. ಲಿವರಿನಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆ. ಕೊನೆಗೆ ಹೆಸರು ಸಿಕ್ಕಿತು: ನ್ಯೂರೋಎಂಡೋಕ್ರೈನ್ ಟ್ಯೂಮರ್.

"ಸಣ್ಣ ಕರುಳಿನಾಗ ಗಡ್ಡಿ ಅದ ಕಾಕಾ, ಲಿವರಿಗೂ ಹಬ್ಬ್ಯದ" ಎಂದಳು ಹುಡುಗಿ. "ಅದು ರಕ್ತಕ್ಕ ಹಾರ್ಮೋನ್ ಬಿಡ್ತದ. ಮುಖ ಕೆಂಪಾಗೋದೂ ಅದರಿಂದ, ಭೇದಿನೂ ಅದರಿಂದ. ಭೇದಿ ಆದೋರಿಗೆಲ್ಲ ಇದು ಇರಂಗಿಲ್ಲ, ಬ್ಯಾರೆ ಕಾರಣ ಭಾಳ ಇರ್ತಾವ. ಆದ್ರ ಎರಡೂ ಕೂಡಿಸಿ ಹೇಳಿದ್ರ ನನಗ ಆವಾಗೇ ಅನುಮಾನ ಬರ್ತಿತ್ತಲ್ರಿ! ಯಾಕ ಹೇಳ್ಲಿಲ್ಲ?"



ನಿಧಾನವಾಗಿ ಬೆಳೆಯುವ ಗಡ್ಡೆಯಂತೆ. ತಿಂಗಳಿಗೊಂದು ಇಂಜೆಕ್ಷನ್ ಶುರುವಾಗಿದೆ, ಭೇದಿ ಹಿಡಿತಕ್ಕೆ ಬಂದಿದೆ. ಮೊದಲೇ ಬಾಯಿಬಿಟ್ಟಿದ್ದರೆ ಲಿವರಿನಲ್ಲಿ ಇಷ್ಟು ಹಬ್ಬುತ್ತಿರಲಿಲ್ಲವೇನೋ. ಇದು ನೆನಪಾದಾಗಲೆಲ್ಲ ಹೆಂಡತಿಯ ಮುಖ ನೋಡಲು ನಾಚಿಕೆಯಾಗುತ್ತದೆ.

ಮೊನ್ನೆ ಮಾವನವರಿಗೆ ಅರ್ಧ ಸುದ್ದಿ ಮುಟ್ಟಿತು. ಮಗಳಿಗೆ ಫೋನ್ ಮಾಡಿ, "ಕುಡದು ಕುಡದು ಲಿವರ್ ಕೆಡಸ್ಕೊಂಡಾರ, ನಾ ಅವತ್ತೇ ನೋಡೀನಿ" ಎಂದರು. ಅವಳು ಫೋನನ್ನು ನನ್ನ ಕೈಗೆ ತುರುಕಿದಳು. "ಈಗ ನೀವೇ ಹೇಳ್ರಿ."

ಆ ಕಡೆಯಿಂದ ಹಲೋ, ಹಲೋ. "ಆಮ್ಯಾಗ ಮಾಡ್ತೀನ್ರಿ" ಎಂದು ಇಟ್ಟುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ಪತ್ರಿಕೆಗೆ ನಾನು ಬರೆಯುವ ಈ ಅಂಕಣವನ್ನು ಮಾವನವರು ತಪ್ಪದೆ ಓದುತ್ತಾರೆ. ಅದಕ್ಕೇ ಇಲ್ಲಿ, ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ:

ಮಾವನವರೇ, ನಾನು ಕುಡಿಯುವುದಿಲ್ಲ. ನನಗೆ ಭೇದಿ.