ಗುಂಡಾಚಾರ್ಯರ ಕೆಂಪು ಮೂಗು

1930ರ ದಶಕದಲ್ಲಿ ನಾನು ಹೊಸಪೇಟೆಯ ಆಸ್ಪತ್ರೆಯಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹುದ್ದೆಯ ಹೆಸರು ಅದರ ಅಧಿಕಾರಕ್ಕಿಂತ ಉದ್ದವಾಗಿತ್ತು.

ಒಂದು ಬೇಸಿಗೆಯಲ್ಲಿ ಗುಂಡಾಚಾರ್ಯರು ಬಂದರು. ಕಡ್ಡಿರಾಂಪುರದ ಆಚೆಯ ಸಣ್ಣ ಗುಡಿಯಲ್ಲಿ ನೈವೇದ್ಯದ ಅಡುಗೆ ಅವರದು. ಮುಖ ಕೆಂಪಾಗಿ ಗುಳ್ಳೆಯೆದ್ದಿತ್ತು, ಮೂಗು ದಪ್ಪಗಾಗಿತ್ತು. ಊರವರು ಮೊದಲು ಹೆಂಡ ಎಂದರು. ಬಾಯಿ ಮೂಸಿ ನೋಡಿ, ನಿರಾಶರಾಗಿ, ಕುಷ್ಠ ಎಂದರು. ಅದು ನಿಜವಾದರೆ ಆಚಾರ್ಯರಿಗೆ ಅಡುಗೆಮನೆ ಮಾತ್ರವಲ್ಲ, ಊರೂ ಇಲ್ಲ.

ಭೂತಗನ್ನಡಿಯಲ್ಲಿ ನೋಡಿದರೆ ಕೆನ್ನೆಯ ತುಂಬ ಕೂದಲೆಳೆಯಂಥ ರಕ್ತನಾಳಗಳು. ಮೊಡವೆಯಲ್ಲಿರುವ ಕಪ್ಪು ಚುಕ್ಕೆಗಳಿಲ್ಲ. ಹುಬ್ಬು ಉದುರಿಲ್ಲ, ಕಿವಿ ದಪ್ಪಗಾಗಿಲ್ಲ. ಇದು ರೊಸೇಶಿಯಾ: ಚರ್ಮದ ನಾಳಗಳು ಹಿಗ್ಗಿ ಹಾಗೇ ನಿಲ್ಲುತ್ತವೆ, ಸುತ್ತ ಉರಿಯೂತವಾಗುತ್ತದೆ, ಮೂಗಿನ ಎಣ್ಣೆಗ್ರಂಥಿಗಳು ಬೆಳೆಯುತ್ತವೆ. ಒಲೆಯ ಝಳ ಅದನ್ನು ಕೆರಳಿಸುತ್ತದೆ. ಕಿವಿಯ ಚರ್ಮ ಕೆರೆದು ಗಾಜಿನ ಮೇಲೆ ಸವರಿದ ಸ್ಮಿಯರ್‌ನಲ್ಲೂ ಕುಷ್ಠದ ಬ್ಯಾಕ್ಟೀರಿಯಾ ಕಾಣಲಿಲ್ಲ.

ಗುಡಿಯ ಆಡಳಿತ ನೋಡುತ್ತಿದ್ದ ರಂಗಪ್ಪನವರು ಒಪ್ಪಲಿಲ್ಲ. "ಮೈಕ್ರೋಸ್ಕೋಪಿನಾಗ ಕಂಡದ್ದು ನಿಮಗೊಬ್ಬರಿಗೇ ರೀ. ನಮ್ಮ ಕಣ್ಣಮುಂದ ತೋರಿಸ್ರಿ."

ಗುಡಿಗೆ ಹೋದೆ. ಆಚಾರ್ಯರು ನೈವೇದ್ಯವನ್ನು ಒಳಗೆ ಕಳಿಸಿ ಅಂಗಳಕ್ಕೆ ಬಂದು ನಿಂತರು. ಕುಷ್ಠ ನರಗಳನ್ನು ಹಿಡಿದ ಕಡೆ ಸ್ಪರ್ಶ ತಿಳಿಯುವುದಿಲ್ಲ ಎಂದು ನೆರೆದವರಿಗೆ ಗಂಭೀರವಾಗಿ ಉಪನ್ಯಾಸ ಕೊಟ್ಟೆ. ಆಚಾರ್ಯರ ಕಣ್ಣು ಮುಚ್ಚಿಸಿ ಕೆನ್ನೆಗೆ ಸೂಜಿ ಚುಚ್ಚಿದೆ.

"ಗೊತ್ತಾಯ್ತೇನ್ರಿ?"

ಉತ್ತರವಿಲ್ಲ. ಗದ್ದಕ್ಕೆ ಚುಚ್ಚಿದೆ, ಮೊಣಕೈಗೆ ಚುಚ್ಚಿದೆ. ಸುತ್ತ ನಿಂತವರು ಹಿಂದೆ ಸರಿದರು.

"ನೋಡ್ರಿ ಡಾಕ್ಟ್ರೇ," ರಂಗಪ್ಪನವರ ದನಿ ನಡುಗಿತು, "ಹ್ಞೂಂ ಅನ್ನವಲ್ರು! ಕುಷ್ಠ ಅಲ್ಲದ ಮತ್ತೇನಿದು?"

ನನ್ನ ಪರೀಕ್ಷೆಯೇ ಅವರನ್ನು ಊರಾಚೆ ಕಳಿಸುವ ಹಾಗಿತ್ತು. ಆಗ ಅವರ ಮುಚ್ಚಿದ ಕಣ್ಣಿನಿಂದ ನೀರಿಳಿಯುವುದು ಕಂಡಿತು. ಕಾಲ್ಬೆರಳುಗಳು ನೆಲವನ್ನು ಬಿಗಿಯಾಗಿ ಹಿಡಿದಿದ್ದವು.

ಗುಡಿಯೊಳಗೆ ಗಂಟೆ ಮೊಳಗಿತು.

"ಅಯ್ಯಯ್ಯ, ಸಾಹೇಬ್ರ!" ಆಚಾರ್ಯರು ಕೂಗಿದರು. "ಕೆನ್ನಿ, ಗದ್ದ, ಮೊಣಕೈ! ಎಲ್ಲಾ ಗೊತ್ತಾತ್ರಿ! ನೈವೇದ್ಯದ ಗಂಟಿ ಆಗೋತನಕ ಅಡಿಗಿಯವ ಬಾಯಿ ಬಿಡೂ ಹಂಗಿಲ್ರಿ. ಪೂಜಾರ್ರು ಇವತ್ತೇ ತಡಾ ಮಾಡಬೇಕಿತ್ತಾ?" ರಂಗಪ್ಪನವರತ್ತ ತಿರುಗಿದರು. "ಈ ಪದ್ಧತಿ ಹಾಕಿದ್ದು ನಿಮ್ಮಜ್ಜಾರ ಅಲ್ರೀ?"

ರಂಗಪ್ಪನವರು ಗೋಪುರದ ಶಿಲ್ಪವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಆಚಾರ್ಯರನ್ನು ಒಲೆಯ ಮುಂದಿನಿಂದ ತರಕಾರಿ ಹೆಚ್ಚುವ ಕಡೆಗೆ ಬದಲಿಸಿದರು. ಗಂಧಕದ ಲೋಶನ್ ಕೊಟ್ಟೆ, ಸಾರು ಆರಿಸಿ ಕುಡಿಯಲು ಹೇಳಿದೆ. ಗುಳ್ಳೆ ಇಳಿಯಿತು, ಮೂಗು ಮಾತ್ರ ತನ್ನ ಘನತೆ ಬಿಡಲಿಲ್ಲ.

ಅಂದಿನಿಂದ ಸೂಜಿ ತೆಗೆಯುವ ಮೊದಲು ರೋಗಿಯನ್ನು ಒಂದು ಮಾತು ಕೇಳುತ್ತಿದ್ದೆ: "ಈಗ ನೀವು ಮಾತಾಡಬಹುದೇನ್ರಿ?" ಉತ್ತರ ಬರದಿದ್ದರೆ, ಸೂಜಿ ಪೆಟ್ಟಿಗೆಯಲ್ಲೇ ಇರುತ್ತಿತ್ತು.