ಡ್ರೈವರಣ್ಣನ ಟೀ

ಹಿರಿಯೂರಿನಲ್ಲಿ ಕಾಲೇಜು ಇಲ್ಲದಿದ್ದರೆ ನನ್ನ ಓದು ಎಸ್ಸೆಸ್ಸೆಲ್ಸಿಗೇ ಮುಗಿಯುತ್ತಿತ್ತು. ಚಿತ್ರದುರ್ಗದಲ್ಲಿ ಹಾಸ್ಟೆಲ್ಲಿಗೆ ಸೇರಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಹಿರಿಯೂರಾದರೆ ಫೀಸು ಕಡಿಮೆ, ಬುತ್ತಿ ಮನೆಯದು, ಸಂಜೆಗೆ ವಾಪಸ್ಸು. ಧರ್ಮಪುರದ ರಸ್ತೆಯಲ್ಲಿದ್ದ ನಮ್ಮೂರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ಆ ಜಂಬಕ್ಕೇನೂ ಕಮ್ಮಿ ಇರಲಿಲ್ಲ.

ಎಪ್ಪತ್ತರ ದಶಕದ ಮಾತು. ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಅದು ಹಿರಿಯೂರು ಮುಟ್ಟುವಷ್ಟರಲ್ಲಿ ಹತ್ತು ಗಂಟೆಯ ಅರ್ಥಶಾಸ್ತ್ರದ ತರಗತಿಯಲ್ಲಿ ಹಾಜರಿ ಕೂಗಿ ಆಗಿರುತ್ತಿತ್ತು. ಮೇಷ್ಟ್ರು ಒಳ್ಳೆಯವರೇ, ಆದರೆ ಹಾಜರಿ ಪುಸ್ತಕ ಮುಚ್ಚಿದ ಮೇಲೆ ಬ್ರಹ್ಮ ಬಂದರೂ ತೆರೆಯುವವರಲ್ಲ. ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರೆ "ಕೂತ್ಕೊಳಮ್ಮ, ಪಾಠ ಕೇಳು" ಎನ್ನುತ್ತಿದ್ದರು. ಗೈರುಹಾಜರಿ ಮಾತ್ರ ಹಾಗೇ ಉಳಿಯುತ್ತಿತ್ತು.

ತಪ್ಪೆಲ್ಲ ಡ್ರೈವರಣ್ಣನದೆಂದು ನನ್ನ ತೀರ್ಮಾನ. ನಾನು ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ, ಸೊಟ್ಟ ಕಂಡರೆ ಬಿಚ್ಚಿ ಮತ್ತೆ ಕಟ್ಟಿ ಸ್ಟಾಪಿಗೆ ಬಂದಾಗಲೆಲ್ಲ ಬಸ್ಸು ನಿಂತೇ ಇರುತ್ತಿತ್ತು. ಆತ ಹೋಟೆಲ್ಲಿನ ಬೆಂಚಿನ ಮೇಲೆ ಟೀ ಕುಡಿಯುತ್ತಾ ಕೂತಿರುತ್ತಿದ್ದ. ನನ್ನನ್ನು ಕಂಡದ್ದೇ ಗಟಗಟನೆ ಮುಗಿಸಿ ಎದ್ದು ಬರುತ್ತಿದ್ದ. ಇವನ ಚಟಕ್ಕೆ ನನ್ನ ಓದು ಹಾಳಾಯಿತಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈಯುತ್ತಿದ್ದೆ.

ಪರೀಕ್ಷೆ ಹತ್ತಿರ ಬಂತು. ಹಾಜರಿ ಸಾಲದವರ ಪಟ್ಟಿ ನೋಟೀಸ್ ಬೋರ್ಡಿಗೆ ಬಿತ್ತು. ಅದರಲ್ಲಿ ನನ್ನ ಹೆಸರು! ಹಾಲ್ ಟಿಕೆಟ್ ಸಿಗದಿದ್ದರೆ ಪರೀಕ್ಷೆ ಇಲ್ಲ. ಅಪ್ಪ ಇನ್ನೊಂದು ವರ್ಷ ಕಳಿಸುವ ಮಾತಂತೂ ಇಲ್ಲವೇ ಇಲ್ಲ. ಅಳುತ್ತಾ ಮೇಷ್ಟ್ರಿಗೆ ಅರ್ಜಿ ಬರೆದೆ. ಡ್ರೈವರು ದಿನಾಲೂ ಟೀ ಕುಡಿಯುತ್ತಾ ಬಸ್ಸು ನಿಲ್ಲಿಸಿಕೊಳ್ಳುವುದರಿಂದ ತಡವಾಗುತ್ತಿದೆ, ದಯಮಾಡಿ ಮನ್ನಿಸಬೇಕು. ಮೇಷ್ಟ್ರು ಓದಿ, ಮಡಿಚಿ ಜೇಬಿಗಿಟ್ಟುಕೊಂಡು "ನೋಡೋಣ" ಎಂದರು.

ಸೋಮವಾರ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಅವರೇ ಕೂತಿದ್ದಾರೆ! ಧರ್ಮಪುರದ ನೆಂಟರ ಮನೆಯಿಂದ ಬರುತ್ತಿದ್ದರಂತೆ, ಅವತ್ತು ಅವರ ತರಗತಿಗೆ ಅವರಿಗೂ ತಡ. ಡ್ರೈವರಣ್ಣ ಎಂದಿನಂತೆ ಲೋಟ ಇಟ್ಟು ಓಡಿಬಂದು ಕೂತ.

"ಏನಪ್ಪ, ಇಲ್ಲಿ ಯಾಕೆ ಇಷ್ಟೊತ್ತು ನಿಲ್ಲಿಸ್ತೀಯ?" ಎಂದು ಮೇಷ್ಟ್ರು ಕೇಳಿಯೇಬಿಟ್ಟರು.

"ಈ ಹುಡುಗಿ ಬರಬೇಕಲ್ರಿ ಸಾರ್. ಕಾಲೇಜಿಗೆ ಹೋಗೋ ಮಗು, ಬಿಟ್ಟು ಹೋಗಾಕಾಗ್ತೈತಾ? ನಂಗೆ ಟೀ ಸೇರಲ್ಲ. ಸುಮ್ನೆ ಕುಂತ್ರೆ ಪ್ಯಾಸೆಂಜರ್ ಬೈತಾರೆ ಅಂತ ಕುಡೀತೀನಿ, ಅಷ್ಟೇ."

ಶೇಂಗಾ ಮೂಟೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬಳು, "ನಾವ್ಯಾಕಪ್ಪ ಬೈಯಾಣ? ನಮಗೆ ಗೊತ್ತಿಲ್ವಾ ಯಾರಿಗೆ ಕಾಯ್ತೀಯ ಅಂತ? ಓದ್ಲಿ ಬಿಡು" ಎಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಷ್ಟ್ರ ಕೈ ಜೇಬಿನ ತನಕ ಹೋಗಿ ಅಲ್ಲೇ ನಿಂತಿತು. ಕಾಗದ ಹೊರಗೆ ಬರಲಿಲ್ಲ. ಹಿರಿಯೂರಿನಲ್ಲಿ ಇಳಿದ ಮೇಲೆ ಅದನ್ನು ನನ್ನ ಕೈಗಿಟ್ಟು, "ಬೇರೆ ಬರಿ. ಕಾರಣ ಸರಿಯಾಗಿ ಬರಿ" ಎಂದಷ್ಟೇ ಹೇಳಿದರು.

ನನ್ನ ಜಡೆಯಿಂದಾಗಿ ಬಸ್ಸು ತಡವಾಗುತ್ತಿತ್ತು ಎಂದು ಬರೆದುಕೊಟ್ಟೆ. ಮೇಷ್ಟ್ರು ನಕ್ಕು, ಪ್ರಿನ್ಸಿಪಾಲರಿಗೆ ಶಿಫಾರಸು ಬರೆದು ಸಹಿ ಹಾಕಿದರು. "ಅಷ್ಟು ಜನ ಕಾಯ್ತಾರೆ, ನಾನೊಬ್ಬ ಕಾಯದಿದ್ರೆ ಹೇಗೆ?" ಎಂದರು. ಹಾಲ್ ಟಿಕೆಟ್ ಬಂತು.

ಮಾರನೆಯ ದಿನ ಬಸ್ಸಿಗಿಂತ ಮೊದಲೇ ಹೋಗಿ ನಿಂತೆ. ಡ್ರೈವರಣ್ಣ ಗಾಬರಿಯಾಗಿ, "ಯಾಕವ್ವ, ಮನೇಲಿ ಎಲ್ಲ ಚೆಂದಾಗವ್ರಾ?" ಎಂದು ಕೇಳಿದ.

ನಾನು ಪಾಸಾದಾಗ ಆತ ಬಸ್ಸು ಹತ್ತಿದವರಿಗೆಲ್ಲ "ಈ ಹುಡುಗೀನ ಪಾಸ್ ಮಾಡ್ಸಿದ್ದು ನಾನೇ ಕಣ್ರಿ" ಎಂದು ಹೇಳಿಕೊಂಡು ಓಡಾಡಿದ. ಮೊದಲ ಅರ್ಜಿಯ ವಿಷಯ ಆತನಿಗೆ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ. ಪಕ್ಕದಲ್ಲಿ ನಿಂತು ಹೌದು, ಹೌದು ಎಂದು ತಲೆಯಾಡಿಸುತ್ತಿದ್ದೆ.